ಮೂತ್ರಪಿಂಡದ ರೋಗವೂ ಬಡವರ ಮನೆಯ ಲೆಕ್ಕವೂ

ರೋಗಗಳಲ್ಲಿ ಎರಡು ಜಾತಿಗಳುಂಟು. ಮೊದಲನೆಯ ಜಾತಿಯವು ಮುಂಬಾಗಿಲು ತಟ್ಟಿ, ಗಟ್ಟಿಯಾಗಿ ಕೂಗಿಕೊಂಡೇ ಮನೆಯೊಳಕ್ಕೆ ಬರತಕ್ಕವು. ಚಳಿಜ್ವರ ಬಂದರೆ ಮೈ ನಡುಗುತ್ತದೆ. ಹಲ್ಲುನೋವು ಬಂದರೆ ಮನೆಮಂದಿಗೆಲ್ಲ ನಿದ್ದೆ ಕೆಡುತ್ತದೆ. ಇಂಥ ರೋಗಕ್ಕೆ ಎಂಥ ಬಡವನೂ ಕೈಗಡ ಮಾಡಿಯಾದರೂ ಅಂದೇ ಮದ್ದು ತರುತ್ತಾನೆ. ಎರಡನೆಯ ಜಾತಿಯವು ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಬಂದು, ವರ್ಷಾನುಗಟ್ಟಲೆ ಒಳಗೊಳಗೇ ಮನೆಯ ತೊಲೆಗಳನ್ನು ಗೆದ್ದಲಿನಂತೆ ತಿಂದು, ಒಂದು ದಿನ ಸೂರು ಕುಸಿದಾಗ ಮಾತ್ರ ತಮ್ಮ ಇರವನ್ನು ತಿಳಿಸುವಂಥವು. ಮೂತ್ರಪಿಂಡಗಳ ದೀರ್ಘರೋಗವು ಈ ಎರಡನೆಯ ಜಾತಿಗೆ ಸೇರಿದುದು. ಅದು ಬಡವನ ಜೇಬನ್ನಷ್ಟೇ ಅಲ್ಲ, ಅವನ ಹೊಲ, ಹಸು, ಮಕ್ಕಳ ಓದು ಇವೆಲ್ಲವನ್ನೂ ಒಂದೊಂದಾಗಿ ಕರಗಿಸುತ್ತದೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿ ನಿವೃತ್ತನಾದ ನಾನು ವೈದ್ಯನಲ್ಲ. ಆದರೆ ಕಳೆದ ಎರಡು ವರ್ಷಗಳಿಂದ, ನನ್ನ ಹಳೆಯ ವಿದ್ಯಾರ್ಥಿಯೂ ನೆರೆಯವನೂ ಆದ ಗಾರೆ ಕೆಲಸದವನೊಬ್ಬನ ಜೊತೆಯಲ್ಲಿ ಆಗಾಗ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಹೋಗಿಬರುತ್ತಿದ್ದೇನೆ. ಅಲ್ಲಿ ಕಂಡದ್ದು, ಆ ನಿಮಿತ್ತವಾಗಿ ಓದಿದ್ದು, ಇವೆರಡನ್ನೂ ಕೂಡಿಸಿ ನೋಡಿದಾಗ ನನಗೆ ತೋರಿದ ಒಂದು ಮಾತನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಆ ಮಾತು ಇಷ್ಟೆ: ಈ ರೋಗದಲ್ಲಿ ಅಗ್ಗವಾದುದೆಲ್ಲ ಆರಂಭದಲ್ಲಿದೆ, ದುಬಾರಿಯಾದುದೆಲ್ಲ ಅಂತ್ಯದಲ್ಲಿದೆ. ನಾವಾದರೋ ಆರಂಭದಲ್ಲಿ ಕೈ ಬಿಗಿಹಿಡಿದು, ಅಂತ್ಯದಲ್ಲಿ ಚೀಲವನ್ನೇ ಸುರಿಯುತ್ತಿದ್ದೇವೆ.

ತಾಳ್ಮೆಯ ಅವಯವ

ಬೆನ್ನೆಲುಬಿನ ಎಡಬಲಗಳಲ್ಲಿ, ಪಕ್ಕೆಲುಬುಗಳ ಆಸರೆಯಲ್ಲಿ, ಅವರೆಕಾಳಿನ ಆಕಾರದ ಎರಡು ಅವಯವಗಳು ಅಡಗಿವೆ. ಒಂದೊಂದೂ ಮುಚ್ಚಿದ ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು ೧೫೦ ಗ್ರಾಂ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಸೋಸುವ ನಳಿಕೆಗಳಿವೆ. ದಿನವೊಂದಕ್ಕೆ ಇವು ರಕ್ತದಿಂದ ಸೋಸುವ ನೀರು ಸುಮಾರು ೧೮೦ ಲೀಟರು. ಅದರಲ್ಲಿ ಉಪಯುಕ್ತವಾದುದನ್ನೆಲ್ಲ ಮತ್ತೆ ಹೀರಿ ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಕಸದೊಡನೆ ಹೊರಹಾಕುತ್ತವೆ. ಉಪ್ಪನ್ನೂ ನೀರನ್ನೂ ಹದದಲ್ಲಿಡುವುದು, ರಕ್ತದ ಒತ್ತಡವನ್ನು ನಿಯಂತ್ರಿಸುವುದು, ಮೂಳೆಯ ಗಟ್ಟಿತನವನ್ನು ಕಾಯುವುದು, ಹೊಸ ರಕ್ತಕಣ ಹುಟ್ಟಬೇಕೆಂದು ಮಜ್ಜೆಗೆ ಸಂದೇಶ ಕಳುಹಿಸುವುದು, ಇವೂ ಅವುಗಳ ಕೆಲಸವೇ.

ಈ ಅವಯವದ ಗುಣವೇ ಅದರ ಒಡೆಯನಿಗೆ ಶತ್ರುವಾಗುವುದು ಒಂದು ವಿಪರ್ಯಾಸ. ನಳಿಕೆಗಳಲ್ಲಿ ಅರ್ಧದಷ್ಟು ಸತ್ತರೂ ಉಳಿದವು ಹೆಚ್ಚಿನ ಹೊರೆ ಹೊತ್ತು ಕೆಲಸವನ್ನು ನಡೆಸಿಕೊಂಡು ಹೋಗುತ್ತವೆ. ನೋವಿಲ್ಲ, ಜ್ವರವಿಲ್ಲ. ಮುಖದ ಊತ, ಅನ್ನದ ಮೇಲೆ ಜುಗುಪ್ಸೆ, ಓಕರಿಕೆ, ಏದುಸಿರು ಇವು ಕಾಣಿಸಿಕೊಳ್ಳುವ ವೇಳೆಗೆ ಶಕ್ತಿಯ ಬಹುಪಾಲು ಹೋಗಿರುತ್ತದೆ, ಹೋದದ್ದು ಹಿಂದಿರುಗುವುದಿಲ್ಲ. ರೋಗಕ್ಕೆ ಮುಖ್ಯ ಕಾರಣಗಳಾದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳೂ ಇದೇ ಬಗೆಯ ಮೌನವ್ರತದವು. ಮೈಯಲ್ಲಿ ಕಷ್ಟವೇನೂ ಇಲ್ಲದಾಗ ಒಂದು ದಿನದ ಕೂಲಿ ಬಿಟ್ಟು ಪರೀಕ್ಷೆಗೆ ಹೋಗು ಎಂದರೆ ಯಾವ ಕೂಲಿಕಾರ ತಾನೆ ಹೋದಾನು?

ನಮ್ಮ ಗಾರೆಯವನ ಕಥೆಯೂ ಇದೇ. ಮೂವತ್ತೆಂಟನೆಯ ವಯಸ್ಸಿನಲ್ಲಿ, ಊರಿನಲ್ಲಿ ನಡೆದ ಒಂದು ಶಿಬಿರದಲ್ಲಿ ಅವನಿಗೆ ರಕ್ತದೊತ್ತಡವಿದೆ ಎಂದು ಹೇಳಿ ಒಂದು ತಿಂಗಳ ಮಾತ್ರೆ ಕೊಟ್ಟರು. ತಿಂಗಳು ಮುಗಿಯಿತು, ಮಾತ್ರೆಯೂ ಮುಗಿಯಿತು. "ಮೈಯಾಗೆ ಏನೂ ಆಗ್ತಿರ್ಲಿಲ್ಲ ಮೇಷ್ಟ್ರೇ, ಮತ್ತೆ ಮಾತ್ರೆ ಯಾಕೆ ಅಂತ ಸುಮ್ಮನಾದೆ" ಎಂದು ಅವನು ನನಗೆ ಹೇಳಿದ್ದಾನೆ. ಅನಂತರದ ವರ್ಷಗಳಲ್ಲಿ ಅವನು ದಿನಾ ನುಂಗಿದ್ದು ಬೇರೆಯ ಮಾತ್ರೆ: ಕಲ್ಲು ಹೊತ್ತ ಸೊಂಟದ ನೋವಿಗೆ ಪೇಟೆಯ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಗುಳಿಗೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದಾಗ ಎರಡು ಪಿಂಡಗಳೂ ಕುಗ್ಗಿಹೋಗಿದ್ದವು.

ಯಂತ್ರ ಹುಟ್ಟಿದ ಬಗೆ

ಸತ್ತ ಅವಯವದ ಕೆಲಸವನ್ನು ಯಂತ್ರದಿಂದ ಮಾಡಿಸಬಹುದೆಂದು ಜಗತ್ತಿಗೆ ತೋರಿಸಿದವನು ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯ. ೧೯೪೩ನೆಯ ಇಸವಿ, ಅವನ ದೇಶ ಜರ್ಮನರ ಸೈನ್ಯದ ಕೈಕೆಳಗಿದ್ದಿತು. ಕಾಂಪೆನ್ ಎಂಬ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಅವನು ಮಾಂಸದ ಸಾಸೇಜು ತುಂಬಲು ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ಕೊಳವೆಯೊಳಗೆ ರೋಗಿಯ ರಕ್ತವನ್ನು ಹರಿಸಿದನು. ತೆಳುಪೊರೆಯ ಮೂಲಕ ಕಸ ನೀರಿಗೆ ಇಳಿಯಿತು. ಮೊದಲ ರೋಗಿಗಳು ಒಬ್ಬರಾದ ಮೇಲೊಬ್ಬರು ಸತ್ತರು. ೧೯೪೫ರಲ್ಲಿ ೬೭ ವರ್ಷದ ವೃದ್ಧೆಯೊಬ್ಬಳು ಬದುಕಿದಳು. ಯುದ್ಧ ಮುಗಿದ ಮೇಲೆ ಕೋಲ್ಫ್ ತಾನು ಕಟ್ಟಿದ ಯಂತ್ರಗಳನ್ನು ಬೇರೆ ದೇಶಗಳ ಆಸ್ಪತ್ರೆಗಳಿಗೆ ಉಚಿತವಾಗಿ ಕಳುಹಿಸಿಕೊಟ್ಟನೆಂಬುದನ್ನು ಇಲ್ಲಿ ನೆನೆಯಬೇಕು. ಈ ಯಂತ್ರದ ಇತಿಹಾಸದ ಮೊದಲ ಪುಟದಲ್ಲಿ ಲಾಭದ ಮಾತಿಲ್ಲ.

ಆದರೆ ಆ ಯಂತ್ರ ಕೆಲವು ದಿನಗಳ ಮಟ್ಟಿಗೆ ಮಾತ್ರ ಆಸರೆ. ಪ್ರತಿಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ಬಹುಬೇಗ ನಾಳಗಳೇ ಮುಗಿದುಹೋಗುತ್ತಿದ್ದವು. ೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲಿ ಸ್ಥಿರವಾಗಿ ಉಳಿಯಬಲ್ಲ ಟೆಫ್ಲಾನ್ ಕೊಳವೆಯೊಂದನ್ನು ರೂಪಿಸಿದರು. ಅಂದಿನಿಂದ ಮೂತ್ರಪಿಂಡ ಸತ್ತವನೂ ವರ್ಷಗಟ್ಟಲೆ ಬದುಕಬಹುದೆಂದಾಯಿತು.

ಬದುಕಬಹುದೆಂದಾಯಿತು, ಆದರೆ ಯಾರು ಬದುಕಬೇಕು? ೧೯೬೨ರಲ್ಲಿ ಸಿಯಾಟಲಿನಲ್ಲಿ ಕೇಂದ್ರ ತೆರೆದಾಗ ಹಾಸಿಗೆಗಳು ಬೆರಳೆಣಿಕೆಯಷ್ಟು, ರೋಗಿಗಳು ಅನೇಕರು. ಆಯ್ಕೆ ಮಾಡಲು ಏಳು ಮಂದಿಯ ಸಮಿತಿಯೊಂದನ್ನು ರಚಿಸಿದರು: ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವನು, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಮದುವೆಯಾಗಿದೆಯೇ, ಮಕ್ಕಳೆಷ್ಟು, ವರಮಾನವೆಷ್ಟು, ಸಮಾಜಕ್ಕೆ ಇವನಿಂದೇನು ಪ್ರಯೋಜನ ಎಂದೆಲ್ಲ ವಿಚಾರಿಸಿ ಇವರು ಒಬ್ಬನಿಗೆ ಯಂತ್ರವನ್ನೂ ಇನ್ನೊಬ್ಬನಿಗೆ ಮರಣವನ್ನೂ ಹಂಚಬೇಕಾಯಿತು. ಈ ಸಂಗತಿ ಅದೇ ವರ್ಷ 'ಲೈಫ್' ಪತ್ರಿಕೆಯಲ್ಲಿ ಪ್ರಕಟವಾದಾಗ ಜನ ಬೆಚ್ಚಿದರು. ಹತ್ತು ವರ್ಷಗಳ ಬಳಿಕ, ೧೯೭೨ರಲ್ಲಿ, ಅಮೆರಿಕ ಒಂದು ಕಾನೂನು ಮಾಡಿ ಮೂತ್ರಪಿಂಡ ವಿಫಲವಾದವರಲ್ಲಿ ಹೆಚ್ಚು ಕಡಿಮೆ ಎಲ್ಲರ ಚಿಕಿತ್ಸೆಯ ವೆಚ್ಚವನ್ನೂ ಸರ್ಕಾರಿ ವಿಮೆಗೆ ಸೇರಿಸಿತು. ಸಮಿತಿಯ ಕೆಲಸ ಅಲ್ಲಿಗೆ ಮುಗಿಯಿತು.

ಅಲ್ಲಿ ಮುಗಿದ ಸಮಿತಿ ನಮ್ಮ ಬಡವರ ಮನೆಗಳಲ್ಲಿ ಇಂದಿಗೂ ಸೇರುತ್ತಿದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಒಲೆಯ ಮುಂದೆ ಕುಳಿತ ಗಂಡಹೆಂಡಿರೇ ಅದರ ಸದಸ್ಯರು. ಮಗಳ ಕಾಲೇಜಿನ ಶುಲ್ಕವೋ ಅಪ್ಪನ ಚುಚ್ಚುಮದ್ದೋ ಎಂಬುದು ಅವರ ಮುಂದಿರುವ ವಿಷಯ. ಈ ಸಮಿತಿಯ ತೀರ್ಮಾನಗಳನ್ನು ಯಾವ ಪತ್ರಿಕೆಯೂ ವರದಿಮಾಡುವುದಿಲ್ಲ.

ಉಚಿತವಾದುದರ ಬೆಲೆ

ನಮ್ಮ ದೇಶದಲ್ಲಿ ಈ ವಿದ್ಯೆಗೆ ತೌರುಮನೆಗಳಲ್ಲಿ ಒಂದೆನಿಸಿದುದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ೧೯೭೧ರಲ್ಲಿ ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದುದೂ ಅಲ್ಲಿಯೇ. ಬೆಂಗಳೂರಿನಲ್ಲಿ ೧೯೭೯ರಲ್ಲಿ ಹುಟ್ಟಿದ ಬೆಂಗಳೂರು ಕಿಡ್ನಿ ಫೌಂಡೇಶನ್ ಕಡಿಮೆ ಖರ್ಚಿನ ಡಯಾಲಿಸಿಸ್ ಒದಗಿಸುವ ಧರ್ಮಸಂಸ್ಥೆಯಾಗಿ ಬೆಳೆಯಿತು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ರಾಜ್ಯ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಇಷ್ಟಾದರೂ ಬಹುಕಾಲ ಈ ಚಿಕಿತ್ಸೆ ದೊಡ್ಡ ಊರುಗಳ ಸ್ವತ್ತಾಗಿಯೇ ಉಳಿದಿದ್ದಿತು.

೨೦೧೬ರ ಕೇಂದ್ರ ಮುಂಗಡಪತ್ರವನ್ನು ಮಂಡಿಸುತ್ತ ಅಂದಿನ ಅರ್ಥಸಚಿವ ಅರುಣ್ ಜೇಟ್ಲಿಯವರು ಕೆಲವು ಅಂಕಿಗಳನ್ನು ಸಂಸತ್ತಿನ ಮುಂದಿಟ್ಟರು. ದೇಶದಲ್ಲಿ ಪ್ರತಿವರ್ಷ ೨.೨ ಲಕ್ಷ ಮಂದಿ ಹೊಸದಾಗಿ ಮೂತ್ರಪಿಂಡ ವೈಫಲ್ಯದ ಕೊನೆಯ ಹಂತ ಮುಟ್ಟುತ್ತಾರೆ. ಇವರಿಗಾಗಿ ವರ್ಷಕ್ಕೆ ೩.೪ ಕೋಟಿ ಸಲ ಡಯಾಲಿಸಿಸ್ ಹೆಚ್ಚುವರಿಯಾಗಿ ಬೇಕಾಗುತ್ತದೆ. ಇರುವ ಸುಮಾರು ೪,೯೫೦ ಕೇಂದ್ರಗಳು ಹೆಚ್ಚಾಗಿ ಖಾಸಗಿಯವು, ದೊಡ್ಡ ಪಟ್ಟಣಗಳಲ್ಲಿರುವಂಥವು. ಒಂದು ಸಲದ ವೆಚ್ಚ ಸುಮಾರು ೨,೦೦೦ ರೂಪಾಯಿ, ವರ್ಷಕ್ಕೆ ಮೂರು ಲಕ್ಷಕ್ಕೂ ಮಿಕ್ಕು. ದೂರದ ಪ್ರಯಾಣದ ಖರ್ಚನ್ನೂ ರೋಗಿಯ ಮತ್ತು ಜೊತೆಗಾರನ ಕೂಲಿ ನಷ್ಟವನ್ನೂ ಅವರು ಅದೇ ಭಾಷಣದಲ್ಲಿ ಹೇಳಿದ್ದರು. ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ ಅಂದು ಘೋಷಿತವಾಯಿತು. ಇಂದು ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳ ಮಟ್ಟಕ್ಕೂ ಯಂತ್ರ ಬಂದಿದೆ. ಬಡವರು ಅದಕ್ಕೆ ಹಣ ತೆರಬೇಕಾಗಿಲ್ಲ. ಇದು ಸಾಮಾನ್ಯವಾದ ಸಾಧನೆಯಲ್ಲ. ನಮ್ಮ ಗಾರೆಯವನು ಈ ಲೇಖನ ಬರೆಯುವ ದಿನ ಬದುಕಿದ್ದಾನೆಂದರೆ ಅದು ಈ ವ್ಯವಸ್ಥೆಯ ಪುಣ್ಯ.

ಲೆಕ್ಕದ ಮೇಷ್ಟರ ಅಭ್ಯಾಸದಂತೆ ನಾನು ೩.೪ ಕೋಟಿಯನ್ನು ೨.೨ ಲಕ್ಷದಿಂದ ಭಾಗಿಸಿ ನೋಡಿದೆ. ಒಬ್ಬನಿಗೆ ವರ್ಷಕ್ಕೆ ಸುಮಾರು ೧೫೪ ಸಲ, ಎಂದರೆ ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ. ವೈದ್ಯಶಾಸ್ತ್ರ ಹೇಳುವುದೂ ಅಷ್ಟನ್ನೇ. ನಮ್ಮಲ್ಲಿ ಬಹುಮಂದಿ ಬರುವುದು ವಾರಕ್ಕೆ ಎರಡು ಸಲ. ಗಾರೆಯವನೂ ಹಾಗೆಯೇ. ಮೂರನೆಯ ಸಲಕ್ಕೆ ಯಾಕೆ ಬರುವುದಿಲ್ಲವೆಂದು ನಾನು ಕೇಳಿದಾಗ ಅವನ ಹೆಂಡತಿ, "ಎರಡಕ್ಕೇ ಉಸಿರು ಕಟ್ತೈತೆ ಮೇಷ್ಟ್ರೇ, ಮೂರಕ್ಕೆ ಎಲ್ಲಿಂದ ತರಾನ?" ಎಂದಳು.

ಅವರ ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಮನೆಯ ಖರ್ಚನ್ನು ಹಳೆಯ ನೋಟುಪುಸ್ತಕದಲ್ಲಿ ಬರೆದಿಡುವುದು ಅವಳ ಕೆಲಸ. ಒಂದು ತಿಂಗಳ ಪುಟವನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಎತ್ತಿಕೊಡುತ್ತೇನೆ. ಆ ತಿಂಗಳು ಒಂಬತ್ತು ಸಲ ಹೋಗಿಬಂದಿದ್ದರು. ಬಸ್ಸಿಗೆ ೬೩೦ ರೂಪಾಯಿ. ಇದು ಅಪ್ಪನ ಟಿಕೀಟು ಮಾತ್ರ, ೨೦೨೩ರ ಜೂನಿನಿಂದ 'ಶಕ್ತಿ' ಯೋಜನೆಯಿಂದಾಗಿ ಅಮ್ಮನ ಪ್ರಯಾಣ ಉಚಿತ. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಆಟೋ ೫೪೦. ತಿಂಡಿ, ಕಾಫಿ ೭೨೦. ಆಸ್ಪತ್ರೆಯಲ್ಲಿ ದಾಸ್ತಾನು ಇಲ್ಲದಾಗ ಹೊರಗೆ ಕೊಂಡ ರಕ್ತ ಹೆಚ್ಚಿಸುವ ಚುಚ್ಚುಮದ್ದು ೨,೦೦೦. ಮಾತ್ರೆಗಳು ೧,೨೦೦. ಹೊರಗಿನ ರಕ್ತಪರೀಕ್ಷೆ ೬೦೦. ಒಟ್ಟು ೫,೬೯೦. ಕೆಳಗೆ ಅಂಡಾಕಾರದ ಅಕ್ಷರಗಳಲ್ಲಿ ಇನ್ನೊಂದು ಸಾಲಿದೆ: 'ಅಮ್ಮನ ಕೂಲಿ ಹೋದದ್ದು, ೯ ದಿನ, ೩,೧೫೦.' ಎರಡೂ ಸೇರಿದರೆ ೮,೮೪೦. ಗಾರೆಯವನ ಸಂಪಾದನೆ ನಿಂತು ಎರಡು ವರ್ಷವಾದುದನ್ನು ಹುಡುಗಿ ಬರೆದಿಲ್ಲ. ಇಲ್ಲದುದನ್ನು ಯಾವ ಕಲಮಿನಲ್ಲಿ ಬರೆಯುವುದು?

ಡಯಾಲಿಸಿಸ್ ಮಾತ್ರ ಸೊನ್ನೆ. ಆ ಸೊನ್ನೆಯ ಸುತ್ತಲೂ ಇಷ್ಟೊಂದು ಅಂಕಿಗಳು.

ಅಡಿಗೆಮನೆಯ ಕಷ್ಟ ಇನ್ನೊಂದು. ಕುಡಿಯುವ ನೀರಿಗೆ ಅಳತೆ. ಎಳನೀರು, ಬಾಳೆಹಣ್ಣು ಬೇಡ; ಅವುಗಳಲ್ಲಿರುವ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸಬಹುದು. ನಾವು ರೋಗಿಯನ್ನು ನೋಡಲು ಹೋಗುವಾಗ ಕೊಂಡೊಯ್ಯುವುದು ಇವೆರಡನ್ನೇ! ಕರಾವಳಿಯವರು ಹಿತ್ತಲಲ್ಲಿ ಬೆಳೆಸುವ ಧಾರೆಹುಳಿಯಂತೂ ಈ ರೋಗಿಗಳಿಗೆ ವಿಷವೇ ಸರಿ. ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ನೀರನ್ನು ಬಸಿದು ಚೆಲ್ಲಬೇಕು. ಉಪ್ಪಿನಕಾಯಿ, ಹಪ್ಪಳ ದೂರ. ಒಬ್ಬನಿಗಾಗಿ ಬೇರೆ ಅಡಿಗೆ ಮಾಡುವ ಸೌಕರ್ಯ ಎಲ್ಲರಿಗೂ ಇಲ್ಲವಾದುದರಿಂದ ಮನೆಯವರೆಲ್ಲ ಸಪ್ಪೆಯನ್ನೇ ಉಣ್ಣುತ್ತಾರೆ.

ಮನೆಯಲ್ಲಿಯೇ ಆಗುವ ಶುದ್ಧಿ, ಮನೆಯವರು ಕೊಡುವ ಅಂಗ

ಯಂತ್ರಕ್ಕೆ ಪರ್ಯಾಯವೇ ಇಲ್ಲವೆಂದಲ್ಲ. ಹೊಟ್ಟೆಯ ಒಳಗಿರುವ ತೆಳುಪೊರೆಯೇ ಒಂದು ಸೋಸುವ ಜರಡಿ. ಸಣ್ಣ ಕೊಳವೆಯೊಂದರ ಮೂಲಕ ಎರಡು ಲೀಟರಿನಷ್ಟು ಔಷಧದ್ರವವನ್ನು ಉದರಕ್ಕೆ ತುಂಬಿ, ಕೆಲವು ಗಂಟೆಗಳ ಮೇಲೆ ಹೊರಗೆ ಬಿಟ್ಟರೆ ಕಸವೂ ಅದರೊಡನೆ ಬರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಮನೆಯಲ್ಲಿಯೇ ಕುಳಿತು ಮಾಡಿಕೊಳ್ಳಬಹುದು. ವಿದ್ಯುತ್ತು ಬೇಡ, ಬಸ್ಸು ಬೇಡ. ಕೈ ಶುದ್ಧವಾಗಿರಬೇಕು, ತಪ್ಪಿದರೆ ಹೊಟ್ಟೆಯೊಳಗೆ ಸೋಂಕು ತಗಲುವ ಭಯವುಂಟು. ಥಾಯ್ಲೆಂಡ್ ದೇಶ ೨೦೦೮ರಲ್ಲಿ ಈ ಪದ್ಧತಿಯನ್ನೇ ಮೊದಲ ಆಯ್ಕೆಯಾಗಿಟ್ಟು, ತನ್ನ ಸಾರ್ವತ್ರಿಕ ಆರೋಗ್ಯ ಯೋಜನೆಯಲ್ಲಿ ಬಡವರಿಗೆ ಉಚಿತವಾಗಿ ಒದಗಿಸಿತು. ದ್ರವದ ಚೀಲಗಳನ್ನು ಅಂಚೆಯವರೇ ಹಳ್ಳಿಯ ಮನೆಬಾಗಿಲಿಗೆ ತಲುಪಿಸಿದರು. ೨೦೨೨ರಲ್ಲಿ ರೋಗಿಗಳಿಗೆ ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟ ಮೇಲೆ ಯಂತ್ರದ ಕಡೆಗೆ ಜನ ಹೆಚ್ಚಾಗಿ ವಾಲಿದರೆಂಬುದೂ ನಿಜ. ಭಾರತ ಸರ್ಕಾರ ೨೦೧೯ರಲ್ಲಿ ಇದನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲು ಮಾರ್ಗಸೂಚಿ ಹೊರಡಿಸಿದೆ. ಆದರೆ ನಾನು ಮಾತನಾಡಿಸಿದ ಹಳ್ಳಿಯ ರೋಗಿಗಳಲ್ಲಿ ಇಂಥದೊಂದು ದಾರಿಯಿದೆಯೆಂದು ಕೇಳಿದವರೇ ಇರಲಿಲ್ಲ. ಮೂವತ್ತು ಮೈಲಿ ಆಚೆಯ ಮಲೆನಾಡಿನ ಒಂಟಿಮನೆಯವನಿಗೆ ಯಂತ್ರವನ್ನು ಹತ್ತಿರಕ್ಕೆ ಒಯ್ಯುವುದಕ್ಕಿಂತ ಚೀಲವನ್ನು ಒಯ್ಯುವುದು ಸುಲಭವಲ್ಲವೇ?

ಎಲ್ಲಕ್ಕಿಂತ ಮೇಲಾದುದು ಕಸಿ. ೧೯೫೪ರಲ್ಲಿ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಅವಳಿ ಸೋದರರಲ್ಲಿ ಒಬ್ಬನ ಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿದಂದಿನಿಂದ ಈ ವಿದ್ಯೆ ಬಹುದೂರ ಬಂದಿದೆ. ಶಸ್ತ್ರಕ್ರಿಯೆಯ ಖರ್ಚು ದೊಡ್ಡದಾದರೂ ವರ್ಷಗಳ ಲೆಕ್ಕದಲ್ಲಿ ಡಯಾಲಿಸಿಸಿಗಿಂತ ಇದೇ ಕಡಿಮೆ. ಮನುಷ್ಯ ಮತ್ತೆ ದುಡಿಯಬಲ್ಲ. ಆದರೆ ಜೀವವಿರುವ ತನಕ ಮಾತ್ರೆ ನುಂಗಬೇಕು. ಶಸ್ತ್ರಕ್ರಿಯೆಗೆ ನೆರವು ಸಿಕ್ಕಿ ಮಾತ್ರೆಗೆ ಸಿಗದಿದ್ದರೆ ಕೊಟ್ಟ ಅಂಗವೂ ವ್ಯರ್ಥ. ೧೯೯೪ರ ಕಾಯಿದೆ ಅಂಗದ ಮಾರಾಟವನ್ನು ಅಪರಾಧವೆಂದು ಸಾರಿತು. ಅದಕ್ಕೆ ಮೊದಲು ಬಡವನ ಪಿಂಡ ಸಿರಿವಂತನ ಹೊಟ್ಟೆಗೆ ಹೋಗುತ್ತಿದ್ದುದು ಗುಟ್ಟಿನ ಮಾತಾಗಿರಲಿಲ್ಲ. ನಮ್ಮ ದೇಶದಲ್ಲಿ ಬದುಕಿದ್ದು ಪಿಂಡ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು ಎಂಬುದು ಇನ್ನೊಂದು ಸತ್ಯ. ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ; ಅವಳಿಗೇ ರೋಗ ಬಂದರೆ ಕೊಡುವವರು ಯಾರೆಂದು ಕೇಳುವವರು ಕಡಿಮೆ. ಮಿದುಳು ಸತ್ತವರ ಅಂಗಗಳನ್ನು ಸರದಿಯ ಮೇರೆಗೆ ಹಂಚುವ 'ಜೀವಸಾರ್ಥಕತೆ' ಸಂಸ್ಥೆ ನಮ್ಮ ರಾಜ್ಯದಲ್ಲಿದೆ. ಅದರಲ್ಲಿ ಹೆಸರು ನೋಂದಾಯಿಸಿ ಕಾಯುವವರ ಸಾಲು ಉದ್ದ. ದಾನಿಗಳ ಸಾಲು ಗಿಡ್ಡ.

ಎರಡು ಹನಿ ಮೂತ್ರ

ಈಗ ಆರಂಭದ ಕಡೆಗೆ ಬರೋಣ. ಅಗ್ಗವಾದುದು ಇರುವುದು ಅಲ್ಲಿ ಎಂದು ಹೇಳಿದೆನಷ್ಟೆ.

ಚೆನ್ನೈನ ಹೆಸರಾಂತ ಮೂತ್ರಪಿಂಡತಜ್ಞ ಡಾ. ಎಂ. ಕೆ. ಮಣಿಯವರು, ಕೊನೆಯ ಹಂತದ ರೋಗಿಗಳಿಗೆಲ್ಲ ಯಂತ್ರ ಒದಗಿಸುವ ಶಕ್ತಿ ಬಡದೇಶಕ್ಕಿಲ್ಲ ಎಂಬುದನ್ನು ಮನಗಂಡು, ೧೯೯೦ರ ದಶಕದಲ್ಲಿ ಕಿಡ್ನಿ ಹೆಲ್ಪ್ ಟ್ರಸ್ಟ್ ಎಂಬ ಸಂಸ್ಥೆಯ ಮೂಲಕ ಚೆನ್ನೈ ಸಮೀಪದ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅದೇ ಹಳ್ಳಿಗಳ ಓದುಬಲ್ಲ ಹುಡುಗಿಯರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ಅವರು ಕೆಲವು ಪ್ರಶ್ನೆ ಕೇಳಿ, ರಕ್ತದೊತ್ತಡ ಅಳೆದು, ಮೂತ್ರವನ್ನು ಎರಡು ವಿಧವಾಗಿ ಪರೀಕ್ಷಿಸುತ್ತಿದ್ದರು. ಸಲ್ಫೋಸ್ಯಾಲಿಸಿಲಿಕ್ ಆಮ್ಲ ಬೆರೆಸಿದಾಗ ಮೂತ್ರ ಬೆಳ್ಳಗೆ ಕದಡಿದರೆ ಸಸಾರಜನಕ ಸೋರುತ್ತಿದೆಯೆಂದು ಅರ್ಥ; ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿದಾಗ ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಇಟ್ಟಿಗೆಗೆಂಪಾಗಿ ತಿರುಗಿದರೆ ಸಕ್ಕರೆಯಿದೆಯೆಂದು ಅರ್ಥ. ಇದನ್ನು ಓದಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಈ ದ್ರಾವಣ ನಮ್ಮ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿ ಸದಾ ಇರುತ್ತಿದ್ದಿತು. ಮಕ್ಕಳು ದ್ರಾಕ್ಷಿಯ ರಸದಲ್ಲಿ ಸಕ್ಕರೆಯಿದೆಯೆಂದು ಇದರಿಂದಲೇ ತೋರಿಸುತ್ತಿದ್ದರು.

ರೋಗ ಕಂಡವರಿಗೆ ಮಣಿಯವರು ಕೊಡಿಸಿದ್ದೂ ಹಳೆಯ, ಅಗ್ಗದ ಔಷಧಗಳನ್ನೇ. ಅವುಗಳಲ್ಲಿ ಒಂದು ರೆಸರ್ಪಿನ್. ಇದು ನಮ್ಮ ಸರ್ಪಗಂಧದ ಬೇರಿನ ಸಾರ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು ೧೯೪೯ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಲೇಖನ ಬರೆದು, ಸರ್ಪಗಂಧವು ರಕ್ತದೊತ್ತಡವನ್ನು ಇಳಿಸುವುದನ್ನು ಜಗತ್ತಿನ ಗಮನಕ್ಕೆ ತಂದಿದ್ದರು. ಇಂದು ಅದಕ್ಕಿಂತ ಉತ್ತಮವಾದ ಮಾತ್ರೆಗಳು ಅಗ್ಗವಾಗಿಯೇ ಸಿಗುತ್ತವೆ. ಎನಾಲಪ್ರಿಲ್, ಲೋಸಾರ್ಟಾನ್ ಮುಂತಾದವು ಒತ್ತಡವನ್ನು ಇಳಿಸುವುದಲ್ಲದೆ ಪಿಂಡದಿಂದ ಸಸಾರಜನಕ ಸೋರುವುದನ್ನೂ ತಗ್ಗಿಸುತ್ತವೆ. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೊಜಿನ್ ಸಕ್ಕರೆಯಿಲ್ಲದವರಲ್ಲಿಯೂ ಮೂತ್ರಪಿಂಡದ ಸವೆತವನ್ನು ನಿಧಾನಗೊಳಿಸುತ್ತದೆಂದು ೨೦೨೦ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಿಂದ ಸಿದ್ಧವಾಯಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟು ಮುಗಿದು ಬೆಲೆ ಕುಸಿಯಿತು. ಅದರ ಸೋದರನಾದ ಎಂಪಾಗ್ಲಿಫ್ಲೊಜಿನ್ ೨೦೨೫ರಲ್ಲಿ ಅದೇ ಹಾದಿ ಹಿಡಿಯಿತು. ಶ್ರೀಮಂತರ ಮದ್ದು ಬಡವನ ಕೈಗೆ ಎಟುಕುವ ಕಾಲ ಬಂದಿದೆ. ಎಟುಕುವಂತೆ ಇಡುವವರು ಬೇಕು.

ಇಲ್ಲಿಯೂ ಒಂದು ಲೆಕ್ಕ ಮಾಡೋಣ. ಒಂದು ಸಲಕ್ಕೆ ೨,೦೦೦ ರೂಪಾಯಿಯಂತೆ, ವಾರಕ್ಕೆ ಎರಡೇ ಸಲವೆಂದು ಹಿಡಿದರೂ ಒಬ್ಬನ ಡಯಾಲಿಸಿಸಿಗೆ ವರ್ಷಕ್ಕೆ ೨,೦೮,೦೦೦ ರೂಪಾಯಿ. ಜನೌಷಧಿ ಅಂಗಡಿಯ ಸಾಮಾನ್ಯ ಒತ್ತಡದ ಮಾತ್ರೆಗೆ ದಿನಕ್ಕೆ ಎರಡು ರೂಪಾಯಿ ಎಂದು ಉದಾರವಾಗಿಯೇ ಹಿಡಿಯೋಣ; ವರ್ಷಕ್ಕೆ ೭೩೦. ಎಂದರೆ ಒಬ್ಬನ ಒಂದು ವರ್ಷದ ಯಂತ್ರದ ಹಣದಲ್ಲಿ ಇನ್ನೂರ ಎಂಬತ್ತನಾಲ್ಕು ಮಂದಿಗೆ ವರ್ಷವಿಡೀ ಮಾತ್ರೆ ಕೊಡಬಹುದು. ಹಾಗೆಂದು ಯಂತ್ರವನ್ನು ನಿಲ್ಲಿಸಿ ಮಾತ್ರೆ ಹಂಚಿರಿ ಎಂದು ನಾನು ಹೇಳುತ್ತಿಲ್ಲ. ಮುಳುಗುತ್ತಿರುವವನಿಗೆ ಈಜು ಕಲಿಯಬೇಕಿತ್ತೆಂದು ಹೇಳುವುದು ಧರ್ಮವಲ್ಲ. ಗಾರೆಯವನಿಗೆ ಯಂತ್ರ ಬೇಕು, ಮೂರನೆಯ ಸಲವೂ ಬೇಕು. ಆದರೆ ಅವನ ತಮ್ಮಂದಿರು, ಅವನೊಡನೆ ಕಲ್ಲು ಹೊರುವ ಇಪ್ಪತ್ತು ಮಂದಿ ಆ ಕೋಣೆಗೆ ಬಾರದಿರುವಂತೆ ನೋಡಿಕೊಳ್ಳುವುದೂ ಅದೇ ಬೊಕ್ಕಸದ ಕೆಲಸ.

ಒತ್ತಡ, ಸಕ್ಕರೆಗಳಿಲ್ಲದೆಯೂ ದುಡಿಯುವವರ ಪಿಂಡ ಕೆಡುವುದುಂಟು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ತೆಂಗು, ಗೋಡಂಬಿಗಳ ಸಮೃದ್ಧ ಸೀಮೆ. ಅಲ್ಲಿಯ ರೈತಕೂಲಿಗಳಲ್ಲಿ ಈ ರೋಗ ಊ‌ರೂರುಗಳನ್ನೇ ಹಿಡಿದಿದೆ. ಬಿಸಿಲು, ನೀರಿನ ಕೊರತೆ, ಕುಡಿಯುವ ನೀರಿನ ಗುಣ, ನೋವಿನ ಮಾತ್ರೆ ಹೀಗೆ ಅನೇಕ ಕಾರಣಗಳನ್ನು ಶಂಕಿಸಿದ್ದಾರೆಯೇ ಹೊರತು ಇದಮಿತ್ಥಂ ಎಂದು ಯಾರೂ ಹೇಳಿಲ್ಲ. ಅಲ್ಲಿಯ ಪಲಾಸದಲ್ಲಿ ೨೦೨೩ರ ಡಿಸೆಂಬರಿನಲ್ಲಿ ಸಂಶೋಧನ ಕೇಂದ್ರವೂ ಆಸ್ಪತ್ರೆಯೂ ತೆರೆದಿವೆ. ಆಂಧ್ರ ಸರ್ಕಾರ ಡಯಾಲಿಸಿಸ್ ರೋಗಿಗಳಿಗೆ ತಿಂಗಳಿಗೆ ೧೦,೦೦೦ ರೂಪಾಯಿ ಪಿಂಚಣಿ ಕೊಡುತ್ತದೆ. ಹುಡುಗಿಯ ನೋಟುಪುಸ್ತಕದ ೮,೮೪೦ನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ಪಿಂಚಣಿಯ ಬೆಲೆ ತಿಳಿಯುತ್ತದೆ.

ಆಗಬೇಕಾದುದು

ನಮ್ಮ ರಾಜ್ಯದಲ್ಲಿ ೨೦೨೪ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆ, ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿ ಮಾತ್ರೆ ಒದಗಿಸುವ ಉದ್ದೇಶದ್ದು. ಬೀಜ ಒಳ್ಳೆಯದು. ಆ ಚೀಲದಲ್ಲಿ ಮೂತ್ರ ಪರೀಕ್ಷಿಸುವ ಪಟ್ಟಿಯೂ ಇರಲಿ. ಒತ್ತಡವೋ ಸಕ್ಕರೆಯೋ ಇದ್ದವರಿಗೆ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಅಂಶವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಅಳೆಯಲಿ. ಒಮ್ಮೆ ಕೊಟ್ಟ ಮಾತ್ರೆ ಎರಡನೆಯ ತಿಂಗಳು ಇಲ್ಲವೆನ್ನದಿರಲಿ. ರೋಗ ಮುಂದುವರಿಯುತ್ತಿದೆಯೆಂದು ತಿಳಿದವನಿಗೆ ಕೈಯ ರಕ್ತನಾಳಗಳನ್ನು ಜೋಡಿಸುವ ಸಣ್ಣ ಶಸ್ತ್ರಕ್ರಿಯೆಯನ್ನು ಮೊದಲೇ ಮಾಡಿಸಿದರೆ, ಕೊನೆಗಳಿಗೆಯಲ್ಲಿ ಕೊರಳಿಗೆ ಕೊಳವೆ ಹಾಕಿ ಸೋಂಕಿಗೆ ಬಲಿಯಾಗುವುದು ತಪ್ಪುತ್ತದೆ. ಡಯಾಲಿಸಿಸಿಗೆ ಬರುವ ಗಂಡಸಿಗೂ ಬಸ್ಸು ಉಚಿತವಾಗಲಿ. ಜೊತೆಗೆ ಬಂದವರ ಕೂಲಿಗೆ ಒಂದು ಪರಿಹಾರ ದೊರೆಯಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಾಗಿಲ್ಲ. ೨೦೨೫ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ಮೂತ್ರಪಿಂಡಗಳ ಆರೋಗ್ಯವನ್ನು ಕುರಿತು ಮೊದಲ ಬಾರಿಗೆ ನಿರ್ಣಯ ಮಾಡಿದಾಗ ಒತ್ತಿಹೇಳಿದುದೂ ಇಂಥ ತಡೆಯ ಕೆಲಸವನ್ನೇ.

ವಾಚಕರಾದ ನಾವು ಮಾಡಬಹುದಾದುದೂ ಇದೆ. ಊಟದಲ್ಲಿ ಉಪ್ಪು ದಿನಕ್ಕೆ ಐದು ಗ್ರಾಮಿಗೆ, ಎಂದರೆ ಒಂದು ಸಣ್ಣ ಚಮಚಕ್ಕೆ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು; ನಮ್ಮ ಉಪ್ಪಿನಕಾಯಿ ಜಾಡಿಗಳಿಗೆ ಈ ಮಾತು ಕೇಳಿಸಿಲ್ಲ. ನಮ್ಮ ಮನೆ ಕಟ್ಟುವವನು, ಹೊಲ ಉಳುವವನು, ಪಾತ್ರೆ ತೊಳೆಯುವವಳು ಮೈಕೈ ನೋವೆಂದು ದಿನಾ ಗುಳಿಗೆ ನುಂಗುತ್ತಿದ್ದರೆ, ಅದು ಪಿಂಡಕ್ಕೆ ಹಾನಿಯೆಂದು ಒಂದು ಮಾತು ಹೇಳಬಹುದು. ಅರ್ಧ ದಿನ ರಜೆ ಕೊಟ್ಟು, ಕೂಲಿ ಮುರಿಯದೆ, ಪರೀಕ್ಷೆಗೆ ಕಳುಹಿಸಬಹುದು. ಬಿಸಿಲಿನಲ್ಲಿ ದುಡಿಯುವವನ ಪಕ್ಕದಲ್ಲಿ ಒಂದು ಕೊಡ ನೀರು, ಒಂದು ಗಳಿಗೆ ನೆರಳು ಇರುವಂತೆ ನೋಡಿಕೊಳ್ಳಬಹುದು.

ತಾಲ್ಲೂಕಿಗೆ ಹೊಸ ಯಂತ್ರ ಬಂದಾಗ ತಳಿರುತೋರಣ ಕಟ್ಟಿ, ಗಣ್ಯರು ಬಂದು ಟೇಪು ಕತ್ತರಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರದ ಬೀರುವಿನಲ್ಲಿ ಒತ್ತಡದ ಮಾತ್ರೆ ಹನ್ನೆರಡು ತಿಂಗಳೂ ಮುಗಿಯದೆ ಇದ್ದುದಕ್ಕೆ ಯಾರೂ ಸಮಾರಂಭ ಮಾಡುವುದಿಲ್ಲ. ಆ ಮಾತ್ರೆಯಿಂದಾಗಿ ಯಂತ್ರದ ಕೋಣೆಗೆ ಬಾರದೆ ಉಳಿದವನ ಹೆಸರು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅವನು ಬೆಳಿಗ್ಗೆ ಎದ್ದು ಕರಣಿ ಹಿಡಿದು ಕೆಲಸಕ್ಕೆ ಹೋಗಿರುತ್ತಾನೆ, ಅಷ್ಟೆ. ಬಡವರ ಪಾಲಿಗೆ ಎಟುಕುವ ಚಿಕಿತ್ಸೆ ಎಂಬುದು ಮೊದಲು ಅಲ್ಲಿ, ಆ ಬೀರುವಿನಲ್ಲಿ ಇರಬೇಕಾಗಿದೆ.